ನಳ ಬರೂ ದಿನ

ನಮ್ಮ ಓಣಿಗೆ ನಳ ಬರೂದು ಹನ್ನೆರಡು ದಿನಕ್ಕೊಮ್ಮೆ.
ಹತ್ತನೇ ದಿನ ಬಸ್ ಹತ್ತಿದ್ವಿ, ಲೆಕ್ಕಾ ಹಾಕೇ ಹತ್ತಿದ್ವಿ:
ನಾನು, ಹುಸೇನಬಿ, ಗುರುಸಂಗವ್ವ,
ಬೆಟಗೇರಿಯ ನೂಲಿಗೆ ಬಣ್ಣ ಹಾಕೋ ಮೂರು ಜೋಡಿ ಕೈ.
ಈ ವಾರ ನನ್ನವು ನೀಲಿ, ಅವರವು ಹಳದಿ.

ಡಂಬಳ ದಾಟಿ ಡೋಣಿಯೊಳಗ ಇಳಿದ್ರ
ಕಪ್ಪತಗುಡ್ಡದ ನೆತ್ತಿ ಮ್ಯಾಲ ಗಾಳಿಪಂಖಾ ತಿರುಗ್ತಿದ್ವು,
ಗುಡ್ಡಕ್ಕ ಸೆಕಿ ಆಗೇತೇನೋ ಅನ್ನೂಹಂಗ.

ಗಾರ್ಡ್ ಹುಚ್ಚೀರಪ್ಪ ದಪ್ಪ ವಹಿ ತೆಗೆದ.
ಹೆಸರು. ಊರು. ವಯಸ್ಸು.
ಗುರುಸಂಗವ್ವ ನಾಲ್ಕು ವರ್ಷ ನುಂಗಿದ್ಲು.
‘ಬಂದ ಉದ್ದೇಶ?’
ಒಬ್ಬರ ಮಾರಿ ಒಬ್ಬರು ನೋಡಿದ್ವಿ.
‘ನೀರು ನೋಡೂದು,’ ಅಂದ್ಲು ಹುಸೇನಬಿ.
ಅಂವ ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಬರೀಲಿಲ್ಲ.
ಆಮ್ಯಾಲ ಬರೆದ: ‘ನೀರು.’ ಅಷ್ಟ.
‘ಲಗೂನ ಹೋಗ್ರಿ, ದೀಪಾವಳಿಗೆ ಬಂದ್ರ ಬರೇ ಕಲ್ಲು,’ ಅಂದ.

ದಾರಿ ಅಂದ್ರ ಆಡಿನ ಹಿಕ್ಕಿ ಹಿಡಿದು ಹೋಗೂದು.
ಬಾದಿ ಹುಲ್ಲು ಮೀನಖಂಡ ಕೊಯ್ತಿತ್ತು,
ಬಂದರಿಕಿ ಎಲಿ ಬೆರಳಿಗೆ ಅಂಟಂಟು.
ಮಣ್ಣೋ, ಎಂಥಾ ಕೆಂಪು!
‘ಮೂರು ಸಲ ಅದ್ದಿದ್ರೂ ನಮಗ ಕೂಡೂದಿಲ್ಲ ಈ ಬಣ್ಣ,’
ಅಂತ ಗುರುಸಂಗವ್ವ ಸೆರಗಿನ ತುದಿಗೆ
ಒಂದೀಟು ಹಚ್ಚಿ, ಬಿಸಲಿಗೆ ಹಿಡಿದು ನೋಡಿದ್ಲು.

ಕಣ್ಣಿಗಿಂತ ಮೊದಲು ಕಿವಿಗೆ ಬಂತು.
ನನಗ ಗೊತ್ತಿರೂ ಸಪ್ಪಳ ಅದು,
ನಡುರಾತ್ರ್ಯಾಗ ಖಾಲಿ ಡ್ರಮ್ಮಿಗೆ ಬೀಳೂ ಮೊದಲ ಧಾರಿ.
ಕಾಲು ತಾವ ಓಡಿದ್ವು.
ಬಂಡೆ ಸುತ್ತಿ ಬಂದ್ರ
ಎರಡು ಲೈಟ್‌ಕಂಬದ ಎತ್ತರದಿಂದ
ಬೀಳಾಕ ಹತ್ತಿತ್ತು, ಬೀಳಾಕ ಹತ್ತಿತ್ತು, ಬೀಳಾಕ ಹತ್ತಿತ್ತು.
ಹುಸೇನಬಿ ಚೀರಿದ್ಲು:
‘ಯಾರರ ಬಂದ್ ಮಾಡ್ರೆವ್ವಾ!’

ಗುರುಸಂಗವ್ವ ಎಣಿಸಾಕ ಹತ್ತಿದ್ಲು,
ಒಂದು ಕೊಡ, ಎರಡು ಕೊಡ,
ನಲವತ್ತಕ್ಕ ತಂತಾನ ನಿಂತ್ಲು.
ನಲವತ್ತಕ್ಕ ನಮ್ಮ ಪಾಳಿ ಮುಗೀತೈತಿ.
ಹಿಂದ ತಿರುಗಿ ನೋಡಿದ್ಲು:
ಪಾಳಿಯೊಳಗ ಯಾರೂ ಇದ್ದಿದ್ದಿಲ್ಲ.

ಕೆಳಗ ಕಲ್ಲಿನ ಬೋಗುಣಿ, ಚಾದ ಬಣ್ಣದ ನೀರು.
ರೂಢಿ ಬಿಡ್ತೈತೇನು,
ಐದು ಲೀಟರಿನ ಎಣ್ಣಿ ಕ್ಯಾನು ತಂದಿದ್ದೆ ನಾನು.
ತುಂಬಾಕ ಬಗ್ಗಿದ್ರ ಹುಸೇನಬಿ ಕಸಗೊಂಡು
ಮುಚ್ಚಳ ಗಟ್ಟಿ ತಿರುವಿ ನನ್ನ ಎದಿಗೆ ಒತ್ತಿದ್ಲು.
‘ತಬ್ಬಿಕೊ. ಕಾಲು ಬಿಡು.
ತವರಿನ ಬಾವ್ಯಾಗ ನನ್ನ ತಮ್ಮ ಕಲ್ತದ್ದು ಹಿಂಗ.
ನಾನು ದಂಡ್ಯಾಗ ಕುಂತು
ಅವನ ಅಂಗಿ ಕಾಯ್ತಿದ್ದೆ.’

ಸೊಂಟದ ಮಟ ನೀರಿಗೆ ಇಳಿದಾಕಿ ಅಲ್ಲ ನಾನು.
ಚರಗಿ ಚರಗಿ ಎಣಿಸಿ ಮೈಮ್ಯಾಲ ಇಳಿಸಿಕೊಂಡಾಕಿ.
ಕಾಲು ಬಿಟ್ಟೆ.
ಪಾತಾಳ ಸಿಗಲಿಲ್ಲ, ಏನೂ ಸಿಗಲಿಲ್ಲ,
ಸೀರಿ ಮಾತ್ರ ಬಲೂನಿನಂಗ ಉಬ್ಬಿ ಮ್ಯಾಲ ಬಂತು,
ದಂಡಿ ಮ್ಯಾಲಿನ ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕರು.
ಕೈಯಿನ ನೀಲಿ ಬಿಡಲಿಲ್ಲ.
ನಾನೂ ಉಜ್ಜಲಿಲ್ಲ.

ಆಮ್ಯಾಲ ಅವರನ್ನೂ ತೇಲಿಸಿದ್ವಿ, ಒಂದೊಂದು ಪಾಳಿ.
ರೊಟ್ಟಿ, ಕೆಂಪಿಂಡಿ ತಿಂದು ಏರಿ ಹತ್ತಿದ್ರ
ಪಂಖಾದ ಬುಡದಾಗ ಮೂರೂ ಫೋನು
ಒಮ್ಮೆಲೆ ಬಡಕೊಳ್ಳಾಕ ಹತ್ತಿದ್ವು.
ಹದಿನೇಳು ಸಲ ಕರೆದಿದ್ದ ನಮ್ಮ ಮನಿಯಾಂವ:
‘ಎರಡು ದಿನ ಮೊದಲ ನಳ ಬಂದೈತಿ! ಎಲ್ಲಿ ಸತ್ತಿ?’
ಗುರುಸಂಗವ್ವ ಫೋನು ಸೆರಗಿನಾಗ ಸುತ್ತಿ ಕೂತುಬಿಟ್ಲು,
ಕೂಸು ಅಳೂದು ಕೇಳಸಬಾರದು ಅನ್ನೂಹಂಗ.

ಸಂಜಿಮುಂದ ಬಾಗಿಲು ದಾಟಾಕ ಬರಲಿಲ್ಲ.
ಡ್ರಮ್ಮು ತುಂಬಿತ್ತು, ಹಂಡೆ ತುಂಬಿತ್ತು,
ರೊಟ್ಟಿ ಡಬ್ಬಿ, ಚಾದ ಕಪ್ಪು, ಒಗ್ಗರಣಿ ಸೌಟು,
ದೇವರ ಮುಂದಿನ ಪಂಚಪಾತ್ರಿ ತುಂಬಿತ್ತು.
ನಡುವ ಅಂವ, ಪ್ಯಾಂಟು ಮೊಳಕಾಲಿಗೆ ಮಡಚಿ,
ತೊಯ್ದು ತೊಪ್ಪಿಯಾಗಿ, ಏದುಸಿರು ಬಿಡಕೋತ.
ನನ್ನ ನಿರಿಗಿ ನೋಡಿದ, ಇನ್ನೂ ಹಸಿ ಇತ್ತು.
‘ನೀ ಎಲ್ಲಿ ತೋಯಿಸ್ಕೊಂಡಿ?’
ಕ್ಯಾನು ಕೆಳಗಿಟ್ಟೆ.
ಎತ್ತಿ ಅಲುಗಾಡಿಸಿದ.
‘ಖಾಲಿ ಐತಲ್ಲ!’

ಹೌದು ಅಂದೆ. ಅದಕ್ಕ ತೇಲಿತು.